ರಾವಣವಧೆ ಇಲ್ಲದ ರಾಮಾಯಣ: ಬೆಂಗಳೂರಿನ ಸೈನ್ಸ್ ಫಿಕ್ಷನ್ ಕಾಮಿಕ್ಸ್‌ಗೆ ಕೊನೆ ಸಿಗದ ಕಥೆ

ರಾಮಾಯಣ ಹೇಗೆ ಮುಗಿಯುತ್ತದೆ ಎಂದು ಗೊತ್ತಿಲ್ಲದ ಓದುಗರು ನಮ್ಮಲ್ಲಿ ಇರಲಾರರು. ಆದರೂ ರಾವಣವಧೆಯವರೆಗೆ ಹೋಗದೆಯೇ ನಿಂತುಹೋದ ಒಂದು ರಾಮಾಯಣ ಬೆಂಗಳೂರಿನ ಸ್ಟುಡಿಯೊದಲ್ಲೇ ರೂಪುಗೊಂಡಿದೆ. ‘ರಾಮಾಯಣ್ 3392 ಎ.ಡಿ.’ ಎಂಬ ಈ ಸೈನ್ಸ್ ಫಿಕ್ಷನ್ ಕಾಮಿಕ್ಸ್ 2006ರ ಸೆಪ್ಟೆಂಬರ್‌ನಲ್ಲಿ ಹೊರಬರಲು ಶುರುವಾಯಿತು. ಎಂಟು ಸಂಚಿಕೆಗಳ ಮೊದಲ ಸರಣಿ ಮುಗಿದು, ಎರಡನೆಯದು ‘ರೀಲೋಡೆಡ್’ ಎಂಬ ಹೆಸರಿನಲ್ಲಿ ನಡೆಯುತ್ತಿದ್ದಾಗ ಪ್ರಕಾಶನ ಸಂಸ್ಥೆಯೇ ಕೈಚೆಲ್ಲಿತು. ಚಿತ್ರ ಅದ್ಭುತ, ಕಲ್ಪನೆ ದಿಟ್ಟ, ಕಥೆ ಮಾತ್ರ ಅರ್ಧ. ಕಾಮಿಕ್ಸ್ ಲೋಕದಲ್ಲಿ ಹೀಗೆ ಕೈಕೊಟ್ಟ ಕೊನೆಗಳು ಬೇಕಾದಷ್ಟಿವೆ. ಅವು ಹಾಗಾಗುವುದಕ್ಕೆ ಕಾರಣಗಳೂ ಇವೆ, ಆ ಕಾರಣಗಳಲ್ಲಿ ಹೆಚ್ಚಿನವು ಕಥೆಗಾರನ ಮೇಜಿನ ಆಚೆ ಇರುತ್ತವೆ.

ಮಿನಿ ಸೀರೀಸ್ ಎಂಬ ಒಪ್ಪಂದ

ಅಮೆರಿಕದ ಮಾದರಿಯ ಕಾಮಿಕ್ಸ್ ಸಂಚಿಕೆಯಲ್ಲಿ ಬಹುಕಾಲ ಸಾಮಾನ್ಯವಾಗಿ 22 ಪುಟ ಕಥೆ ಇರುತ್ತಿತ್ತು. ತಿಂಗಳಿಗೊಂದು ಸಂಚಿಕೆ. ಬ್ಯಾಟ್‌ಮ್ಯಾನ್, ಸ್ಪೈಡರ್‌ಮ್ಯಾನ್‌ಗಳಂಥವು ದಶಕಗಟ್ಟಲೆ ಓಡುತ್ತವೆ, ಅವಕ್ಕೆ ಕೊನೆ ಎಂಬುದೇ ಇಲ್ಲ, ಓದುಗರೂ ಅದನ್ನು ಬಯಸುವುದಿಲ್ಲ. ಮಿನಿ ಸೀರೀಸ್ ಹಾಗಲ್ಲ. ನಾಲ್ಕು, ಐದು, ಆರು, ಹೆಚ್ಚೆಂದರೆ ಹನ್ನೆರಡು ಸಂಚಿಕೆ ಎಂದು ಮೊದಲೇ ಹೇಳಿ ಶುರುಮಾಡುತ್ತಾರೆ. ಎಲ್ಲ ಬಂದ ಮೇಲೆ ಒಟ್ಟು ಸೇರಿಸಿ ಒಂದು ಪುಸ್ತಕ ಮಾಡುತ್ತಾರೆ.

ಇಷ್ಟು ಸಂಚಿಕೆಯಲ್ಲಿ ಕಥೆ ಮುಗಿಸುತ್ತೇವೆ ಎಂದು ಪ್ರಕಾಶಕರು ಓದುಗರಿಗೆ ಕೊಡುವ ಮಾತು ಅದು. ಅದನ್ನು ನಂಬಿಯೇ ನಾವು ತಿಂಗಳು ತಿಂಗಳು ಕಾಯುತ್ತೇವೆ, ದುಡ್ಡು ಕೊಡುತ್ತೇವೆ. ‘ಸುಧಾ’, ‘ತರಂಗ’ಗಳ ಧಾರಾವಾಹಿ ಓದಿ ಬೆಳೆದವರಿಗೆ ಈ ನಂಬಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರಗಟ್ಟಲೆ ಕಾದರೂ ಕೊನೆಯ ಕಂತು ಬಂದೇ ಬರುತ್ತದೆ ಎಂಬ ಭರವಸೆ ಅಲ್ಲಿ ಇದ್ದೇ ಇರುತ್ತಿತ್ತು.

ಚಿತ್ರಕಥೆಗಳ ವಿಷಯದಲ್ಲಿ ಬೆಂಗಳೂರಿನ ಮೊದಲ ಅನುಭವ ಇನ್ನೂ ನೇರವಾದದ್ದು. ಅಮರ ಚಿತ್ರ ಕಥೆಯ ಮೊದಲ ಹತ್ತು ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ, 1965ರಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಬಂದ ಅವು ಪಾಶ್ಚಾತ್ಯ ಜನಪದ ಕಥೆಗಳ ಕನ್ನಡ ರೂಪಗಳು. ಅನಂತ ಪೈ ಅವರ ಪ್ರಸಿದ್ಧ ‘ಕೃಷ್ಣ’ಕ್ಕೆ 11ನೇ ಸಂಖ್ಯೆ ಬಂದದ್ದು ಇದೇ ಕಾರಣಕ್ಕೆ. ಆಮೇಲೆ ಮನೆಮನೆಗೆ ಬಂದ ಆ ಪುಸ್ತಕಗಳಲ್ಲಿ ಒಂದು ಕಥೆಗೆ 32 ಪುಟ. ಅಷ್ಟರಲ್ಲಿ ಹುಟ್ಟು, ಯುದ್ಧ, ಪಟ್ಟಾಭಿಷೇಕ ಎಲ್ಲವೂ ಮುಗಿಯಬೇಕು, ಮುಗಿಯುತ್ತಿತ್ತು. ಅವಸರ ಎದ್ದು ಕಾಣುತ್ತಿದ್ದರೂ ಪುಸ್ತಕ ಮುಚ್ಚಿಟ್ಟ ಮಗು ‘ಆಮೇಲೆ ಏನಾಯಿತು’ ಎಂದು ಕೇಳಬೇಕಾದ ಪರಿಸ್ಥಿತಿ ಇರಲಿಲ್ಲ.

ಗೋಥಮ್‌ನಿಂದ ವರ್ಜಿನ್‌ವರೆಗೆ

1990ರ ದಶಕದ ಕೊನೆಯಲ್ಲಿ ಗೋಥಮ್ ಕಾಮಿಕ್ಸ್ ಎಂಬ ಸಂಸ್ಥೆ ಮಾರ್ವೆಲ್, ಡಿಸಿ ಕಂಪನಿಗಳ ಕಾಮಿಕ್ಸ್‌ಗಳನ್ನು ನಮ್ಮ ದೇಶದಲ್ಲಿ ಅಗ್ಗದ ಬೆಲೆಗೆ ಮುದ್ರಿಸಿ ಮಾರತೊಡಗಿತು. ಅದರ ಹಿಂದಿದ್ದವರು ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್. ಮರುಮುದ್ರಣದಲ್ಲೇ ನಿಲ್ಲದೆ, ಚಿತ್ರಕಾರ ಜೀವನ್ ಜೆ. ಕಾಂಗ್ ಜತೆ ಸೇರಿ ಅವರು 2004ರಲ್ಲಿ ನಾಲ್ಕು ಸಂಚಿಕೆಗಳ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಹೊರತಂದರು.

2006ರಲ್ಲಿ ಇದೇ ತಂಡ ದೊಡ್ಡ ನೆಗೆತಕ್ಕೆ ಸಿದ್ಧವಾಯಿತು. ರಿಚರ್ಡ್ ಬ್ರಾನ್ಸನ್ ಅವರ ವರ್ಜಿನ್ ಸಮೂಹದ ಬಂಡವಾಳ, ದೀಪಕ್ ಚೋಪ್ರಾ ಮತ್ತು ಶೇಖರ್ ಕಪೂರ್ ಅವರ ಹೆಸರು, ಗೋಥಮ್ ಚೋಪ್ರಾ ಅವರ ಪಾಲುದಾರಿಕೆ ಸೇರಿ ವರ್ಜಿನ್ ಕಾಮಿಕ್ಸ್ ಹುಟ್ಟಿತು. ಕಚೇರಿ ನ್ಯೂಯಾರ್ಕಿನಲ್ಲಿ, ಚಿತ್ರ ಬರೆಯುವ ಸ್ಟುಡಿಯೊ ಬೆಂಗಳೂರಿನಲ್ಲಿ. ಹೊರವಲಯದ ಟೆಕ್ ಪಾರ್ಕ್‌ಗಳಲ್ಲಿ ಸಾಫ್ಟ್‌ವೇರ್ ಬರೆದು ಅಮೆರಿಕಕ್ಕೆ ಕಳಿಸುತ್ತಿದ್ದ ಅದೇ ಕಾಲದಲ್ಲಿ, ಇದೇ ಊರಿನ ತರುಣ ಚಿತ್ರಕಾರರು ಅಮೆರಿಕದ ಅಂಗಡಿಗಳಿಗೆ ಕಾಮಿಕ್ಸ್ ಪುಟ ಬಿಡಿಸುತ್ತಿದ್ದರು. ನನ್ನ ಮಟ್ಟಿಗೆ ನಮ್ಮ ದೇಶದ ಕಾಮಿಕ್ಸ್ ಚರಿತ್ರೆಯಲ್ಲಿ ಅದು ಬಲು ಮುಖ್ಯವಾದ ಗಳಿಗೆ. ಅಲ್ಲಿಯವರೆಗೆ ಪರದೇಶದ ಸೂಪರ್‌ಹೀರೊಗಳನ್ನು ತರಿಸಿಕೊಂಡು ಓದುತ್ತಿದ್ದ ನಾವು, ನಮ್ಮ ಪುರಾಣದಿಂದ ಹೊಸದನ್ನು ಕಟ್ಟಿ ಹೊರಗೆ ಕಳಿಸಲು ಹೊರಟೆವು.

‘ರಾಮಾಯಣ್ 3392 ಎ.ಡಿ.’ಯ ಜತೆಗೆ ‘ದೇವಿ’, ‘ದ ಸಾಧು’, ‘ಸ್ನೇಕ್ ವುಮನ್’ ಬಂದವು. ಬ್ರಿಟನ್ನಿನ ಹಳೆಯ ಬಾಹ್ಯಾಕಾಶ ವೀರ ಡಾನ್ ಡೇರ್‌ನ ಹೊಸ ಕಥೆಯನ್ನು ಗಾರ್ತ್ ಎನಿಸ್ ಬರೆದರು. 1950ರಲ್ಲಿ ‘ಈಗಲ್’ ಪತ್ರಿಕೆಯಲ್ಲಿ ಹುಟ್ಟಿದ ಈ ಪಾತ್ರಕ್ಕೆ ಏಳು ಸಂಚಿಕೆಗಳ ಮಿನಿ ಸೀರೀಸ್ ಸಿಕ್ಕಿತು, ಅದು ಹೇಳಿದಷ್ಟು ಸಂಚಿಕೆಯಲ್ಲಿ ಮುಗಿಯಿತು ಕೂಡ. ಅಮೆರಿಕದ ಸೈ-ಫೈ ಟಿವಿ ಚಾನೆಲ್ ಜತೆ ಸೇರಿ ‘ದ ಸ್ಟ್ರ್ಯಾಂಡೆಡ್’ ಎಂಬ ಐದು ಸಂಚಿಕೆಗಳ ಸರಣಿಯೂ ಬಂತು. ಬರೆದವರು ಮೈಕ್ ಕ್ಯಾರಿ, ಚಿತ್ರ ಸಿದ್ಧಾರ್ಥ್ ಕೋಟಿಯನ್ ಅವರದು.

2008ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಕಚೇರಿಗೆ ಬೀಗ ಬಿತ್ತು. ಅಮೆರಿಕದ ಆರ್ಥಿಕ ಕುಸಿತದ ಕಾಲ ಅದು. ಮುಂದಿನ ತಿಂಗಳು ಆಡಳಿತ ವರ್ಗದವರೇ ಸಂಸ್ಥೆಯನ್ನು ಕೊಂಡು ಲಿಕ್ವಿಡ್ ಕಾಮಿಕ್ಸ್ ಎಂದು ಹೆಸರಿಟ್ಟರು. ನಡೆಯುತ್ತಿದ್ದ ಸರಣಿಗಳು ನಿಂತಲ್ಲೇ ನಿಂತವು.

ಜನಸ್ಥಾನದ ಕೋಟೆ

‘ರಾಮಾಯಣ್ 3392 ಎ.ಡಿ.’ಯ ಮೂಲ ಕಲ್ಪನೆ ದೀಪಕ್ ಚೋಪ್ರಾ ಮತ್ತು ಶೇಖರ್ ಕಪೂರ್ ಅವರದು, ಬರವಣಿಗೆ ಶಮಿಕ್ ದಾಸ್‌ಗುಪ್ತ ಅವರದು, ಚಿತ್ರ ಅಭಿಷೇಕ್ ಸಿಂಗ್ ಅವರದು. ಮಹಾಯುದ್ಧದಲ್ಲಿ ಜಗತ್ತು ಸುಟ್ಟುಹೋದ ಮೇಲಿನ ಕಾಲ. ಮನುಷ್ಯರ ಕೊನೆಯ ನೆಲೆ ಆರ್ಮಗಢ. ಎದುರಿಗೆ ರಾವಣನ ನರ್ಕ್. ಅಸುರರು ಇಲ್ಲಿ ಯಂತ್ರವೂ ಮಾಂಸವೂ ಬೆರೆತ ಸೈನ್ಯ.

ಈ ಕಥೆಯಲ್ಲಿ ರಾಮ ಕಾಡಿಗೆ ಹೋಗುವುದು ಕೈಕೇಯಿಯ ವರದಿಂದಲ್ಲ. ಜನಸ್ಥಾನದ ಕೋಟೆಯನ್ನು ಅಸುರ ಸೈನ್ಯ ಮುತ್ತಿದೆ, ಒಳಗೆ ಸಾಮಾನ್ಯ ಜನ ಸಿಕ್ಕಿಬಿದ್ದಿದ್ದಾರೆ. ಕೊನೆಯ ಉಸಿರಿನವರೆಗೆ ಹೋರಾಡಬೇಕೆಂಬುದು ಕ್ಷತ್ರಿಯರ ಕಟ್ಟಳೆ. ರಾಮ ಅದನ್ನು ಮೀರುತ್ತಾನೆ, ಜನ ಉಳಿಯಲಿ ಎಂದು ಕೋಟೆ ಬಿಟ್ಟುಕೊಡುತ್ತಾನೆ. ಅದೇ ಅವನ ಅಪರಾಧವಾಗುತ್ತದೆ, ಅದಕ್ಕಾಗಿ ವನವಾಸ.

ತಂದೆಯ ಮಾತಿಗೆ ತಲೆಬಾಗಿದ ರಾಮನ ಜಾಗದಲ್ಲಿ, ಜನರ ಜೀವಕ್ಕಾಗಿ ಕುಲದ ಕಟ್ಟಳೆ ಮುರಿದ ರಾಮ ನಿಂತಿದ್ದಾನೆ. ವಾಲ್ಮೀಕಿಯ ಕಥೆ ಚೆನ್ನಾಗಿ ಗೊತ್ತಿದ್ದವನಿಗೇ ಈ ಬದಲಾವಣೆ ಹೆಚ್ಚು ತಾಗುತ್ತದೆ. ಅಲ್ಲಿಂದ ಮುಂದೆ ಒಂದು ದೊಡ್ಡ ಪ್ರಶ್ನೆ ಕಥೆಯ ಬೆನ್ನು ಹತ್ತುತ್ತದೆ. ಯುದ್ಧ ಬೇಡವೆಂದು ಕೋಟೆ ಬಿಟ್ಟುಕೊಟ್ಟವನು ರಾವಣನ ಎದುರು ಯಾವ ಧರ್ಮ ಹಿಡಿದು ನಿಲ್ಲುತ್ತಾನೆ? ಅಂದು ಒಪ್ಪದ ಯುದ್ಧವನ್ನು ಇಂದು ಯಾಕೆ ಒಪ್ಪುತ್ತಾನೆ? ಈ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ಕೊನೆಯ ಯುದ್ಧದಲ್ಲಿ. ಆ ಯುದ್ಧ ಬರೆಯುವ ಹೊತ್ತಿಗೆ ಪ್ರಕಾಶನವೇ ಇರಲಿಲ್ಲ.

ಅಭಿಷೇಕ್ ಸಿಂಗ್ ಅವರ ಚಿತ್ರಗಳ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಅವರ ರಾಮನ ಮೈಕಟ್ಟು ಕ್ಯಾಲೆಂಡರ್ ಚಿತ್ರದ ರಾಮನದಲ್ಲ. ಉದ್ದನೆಯ ಬಳುಕುವ ಗೆರೆ, ಬೂದಿ ಮತ್ತು ಕಂಚಿನ ಬಣ್ಣ, ಕವಚದ ಮೇಲೆ ಬಳ್ಳಿಯಂತೆ ಹಬ್ಬಿದ ಕುಸುರಿ. ಅವರು ಮುಂದೆ 2012ರಲ್ಲಿ ‘ಕೃಷ್ಣ: ಎ ಜರ್ನಿ ವಿದಿನ್’ ಎಂಬ ಸ್ವತಂತ್ರ ಪುಸ್ತಕವನ್ನು ಅಮೆರಿಕದ ಇಮೇಜ್ ಕಾಮಿಕ್ಸ್ ಮೂಲಕ ತಂದರು. ಅದನ್ನು ನೋಡಿದವರಿಗೆ, ಈ ಕೈಯಿಂದ ಲಂಕಾದಹನ ಹೇಗೆ ಮೂಡುತ್ತಿತ್ತೋ ಎಂಬ ಆಸೆ ಇನ್ನಷ್ಟು ಹೆಚ್ಚಾಗುತ್ತದೆ.

ಮುಗಿದೂ ಮುಗಿಯದ ಸ್ಪೈಡರ್‌ಮ್ಯಾನ್

ನಿಂತುಹೋದ ಕಥೆಯ ನೋವು ಒಂದು ಬಗೆಯದು. ಹೇಳಿದ ಸಂಚಿಕೆಗಳೆಲ್ಲ ಬಂದೂ ಹೊಟ್ಟೆ ತುಂಬದ ಕಥೆಯ ಅತೃಪ್ತಿ ಬೇರೆ. ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಎರಡನೆಯ ಸಾಲಿಗೆ ಸೇರುತ್ತದೆ.

ಹಳ್ಳಿಯಿಂದ ಮುಂಬೈಗೆ ಬಂದ ಬಡ ಹುಡುಗ ಪವಿತ್ರ್ ಪ್ರಭಾಕರ್. ಜತೆಗೆ ಚಿಕ್ಕಮ್ಮ ಮಾಯಾ, ಚಿಕ್ಕಪ್ಪ ಭೀಮ್, ಗೆಳತಿ ಮೀರಾ ಜೈನ್. ಮೂಲದಲ್ಲಿ ವಿಕಿರಣ ಸೋಕಿದ ಜೇಡ ಕಚ್ಚಿ ಶಕ್ತಿ ಬರುತ್ತದೆ, ಇಲ್ಲಿ ಒಬ್ಬ ಯೋಗಿ ಕೊಡುತ್ತಾನೆ. ಖಳ ನಳಿನ್ ಒಬೆರಾಯ್‌ಗೆ ಸಿಗುವುದು ಒಂದು ತಾಯಿತ, ಅದರಿಂದ ಅವನು ರಾಕ್ಷಸನಾಗುತ್ತಾನೆ. ನಾಲ್ಕನೆಯ ಸಂಚಿಕೆಯ ಹೊತ್ತಿಗೆ ಒಬೆರಾಯ್ ಮಾನಸಿಕ ಆಸ್ಪತ್ರೆ ಸೇರುತ್ತಾನೆ, ಪವಿತ್ರ್ ಚಿಕ್ಕಮ್ಮನ ಜತೆ ದೀಪಾವಳಿ ಆಚರಿಸುತ್ತಾನೆ. ಅಲ್ಲಿಗೆ ಮುಗಿಸಿದ್ದರೆ ಅಚ್ಚುಕಟ್ಟಾದ ಕೊನೆ. ಆದರೆ ಕೊನೆಯ ಪುಟದಲ್ಲಿ ಒಬ್ಬ ರಾಕ್ಷಸ ಇನ್ನೂ ಉಳಿದಿದ್ದಾನೆ ಎಂದು ತೋರಿಸಿ ಕಥೆ ನಿಲ್ಲುತ್ತದೆ.

ಮುಂದಿನ ಭಾಗಕ್ಕೆಂದು ತೆರೆದಿಟ್ಟ ಬಾಗಿಲು ಅದು. ಆ ಭಾಗ ಬರಲಿಲ್ಲ. ಪವಿತ್ರ್ ಕೆಲವು ವರ್ಷಗಳ ಬಳಿಕ ಮಾರ್ವೆಲ್‌ನ ‘ಸ್ಪೈಡರ್-ವರ್ಸ್’ ಕಥೆಗಳಲ್ಲಿ ಅತಿಥಿಯಾಗಿ ಬಂದ, 2023ರ ‘ಅಕ್ರಾಸ್ ದ ಸ್ಪೈಡರ್-ವರ್ಸ್’ ಸಿನಿಮಾದಲ್ಲಿ ಚಪ್ಪಾಳೆ ಗಿಟ್ಟಿಸಿದ, ಅದೇ ವರ್ಷ ನಿಕೇಶ್ ಶುಕ್ಲಾ ಬರೆದ ಹೊಸ ಐದು ಸಂಚಿಕೆಗಳ ಸರಣಿಯೂ ಬಂತು. ಪಾತ್ರ ಬದುಕಿಕೊಂಡಿತು. ಹಳೆಯ ಓದುಗನ ಕೈಯಲ್ಲಿ ಮಾತ್ರ ಆ ಕೊನೆಯ ಪುಟ ಹಾಗೇ ಉಳಿಯಿತು. ದೀಪಾವಳಿಯ ಬೆಳಕಿನ ಮೇಲೆ ಕಥೆ ನಿಲ್ಲಬೇಕಿತ್ತು ಎಂಬುದೇ ನನ್ನ ಅಭಿಪ್ರಾಯ. ಕೊನೆಯ ಪುಟ ಓದುಗನಿಗೆ ಸೇರಬೇಕಾದದ್ದು, ಅಲ್ಲಿ ಮುಂದಿನ ಸರಣಿಯ ಜಾಹೀರಾತಿಗೆ ಜಾಗ ಇರಬಾರದು.

ಕೊನೆ ಕೆಡುವುದು ಎಲ್ಲಿ

ಮೊದಲ ತೊಂದರೆ ಸೈನ್ಸ್ ಫಿಕ್ಷನ್ನಿನ ಜಾಯಮಾನದಲ್ಲೇ ಇದೆ. ಪತ್ತೇದಾರಿ ಕಥೆ ಕೊಲೆಗಾರ ಸಿಕ್ಕಿದ ಕೂಡಲೇ ಮುಗಿಯುತ್ತದೆ, ಪ್ರೇಮಕಥೆಗೆ ಮದುವೆಯೋ ಅಗಲಿಕೆಯೋ ಸಾಕು. ಸೈನ್ಸ್ ಫಿಕ್ಷನ್ ಮೊದಲು ಒಂದು ಲೋಕ ಕಟ್ಟಬೇಕು. ಈ ಲೋಕ ಯಾಕೆ ಹೀಗಾಯಿತು, ಇಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ಓದುಗನನ್ನು ಒಪ್ಪಿಸುವಷ್ಟರಲ್ಲಿ ಎರಡು ಸಂಚಿಕೆ ಹೋಗಿರುತ್ತದೆ. ಸಂಚಿಕೆಗೆ 22 ಪುಟದ ಲೆಕ್ಕದಲ್ಲಿ ನಾಲ್ಕು ಸಂಚಿಕೆ ಎಂದರೆ ಒಟ್ಟು 88 ಪುಟ, ಪುಟಕ್ಕೆ ನಾಲ್ಕೈದು ಚೌಕಟ್ಟು, ಚೌಕಟ್ಟಿಗೆ ಒಂದೆರಡು ಸಾಲು ಮಾತು. ಲೋಕ ಕಟ್ಟಲು ಅರ್ಧ ಖರ್ಚಾದರೆ ಉಳಿದ ಅರ್ಧದಲ್ಲಿ ಪಾತ್ರ ಬೆಳೆಯಬೇಕು, ರಹಸ್ಯ ಒಡೆಯಬೇಕು, ಯುದ್ಧವೂ ಆಗಬೇಕು. ಕೊನೆಯ ಸಂಚಿಕೆಯಲ್ಲಿ ಒಂದು ಪಾತ್ರ ನಿಂತುಕೊಂಡು ಎಲ್ಲವನ್ನೂ ಬಾಯಲ್ಲಿ ವಿವರಿಸುವ ದೃಶ್ಯ ಇಷ್ಟೊಂದು ಕಾಮಿಕ್ಸ್‌ಗಳಲ್ಲಿ ಕಾಣುವುದು ಇದಕ್ಕೇ.

ಎರಡನೆಯದು ಸಿನಿಮಾದ ಆಸೆ. ವರ್ಜಿನ್ ಕಾಮಿಕ್ಸ್ ಇದನ್ನು ಮುಚ್ಚಿಟ್ಟಿರಲಿಲ್ಲ. ಜಾನ್ ವೂ, ಗೈ ರಿಚಿ, ನಿಕೋಲಸ್ ಕೇಜ್ ಅವರಂಥ ಸಿನಿಮಾ ಮಂದಿಯ ಹೆಸರಿನಲ್ಲೇ ಸರಣಿಗಳು ಬಂದವು. ‘ರಾಮಾಯಣ್ 3392 ಎ.ಡಿ.’ಯನ್ನು ಆಧರಿಸಿದ ಆನ್‌ಲೈನ್ ಗೇಮ್‌ಗೆ ಸೋನಿ ಆನ್‌ಲೈನ್ ಎಂಟರ್‌ಟೇನ್‌ಮೆಂಟ್ ಜತೆ ಒಪ್ಪಂದ ಘೋಷಣೆಯಾಯಿತು, ಸಿನಿಮಾದ ಮಾತೂ ಬಂತು. ಎರಡೂ ಕೈಗೂಡಲಿಲ್ಲ. ಕಾಮಿಕ್ಸ್ ಮುಂದಿನ ವ್ಯಾಪಾರಕ್ಕೆ ಮಾದರಿ ಸಾಮಗ್ರಿ ಆದಾಗ ಅದನ್ನು ಮುಗಿಸುವ ಗರಜು ಯಾರಿಗೂ ಇರುವುದಿಲ್ಲ. ಲೋಕ, ಪಾತ್ರ, ಉಡುಪು, ಆಯುಧ ತಯಾರಾದರೆ ತೋರಿಸಲು ಸಾಕು, ಕೊನೆಯನ್ನು ಸಿನಿಮಾಕ್ಕೆಂದು ಉಳಿಸಿಕೊಳ್ಳುವುದೇ ಲಾಭ. ಈ ಲೆಕ್ಕ ಓದುಗನಿಗೆ ಅನ್ಯಾಯ ಮಾಡುತ್ತದೆ, ಚಿತ್ರಕಾರನಿಗೂ ಮಾಡುತ್ತದೆ.

ಮೂರನೆಯದು ಮಾರಾಟ. ಯಾವ ಸರಣಿಯಾದರೂ ಮೊದಲ ಸಂಚಿಕೆಗೆ ಬೇಡಿಕೆ ಹೆಚ್ಚು, ಎರಡು, ಮೂರಕ್ಕೆ ಬರುವಾಗ ಇಳಿಯುತ್ತದೆ. ಅಮೆರಿಕದಲ್ಲಿ ಅಂಗಡಿಯವರು ತಿಂಗಳುಗಳ ಮೊದಲೇ ಬೇಡಿಕೆ ಸಲ್ಲಿಸಬೇಕು, ಉಳಿದ ಪ್ರತಿ ಹಿಂದಿರುಗಿಸುವಂತಿಲ್ಲ. ಹಾಗಾಗಿ ಕೈಗೆ ಬಾರದ ಸಂಚಿಕೆಯ ಪ್ರತಿಗಳನ್ನು ಅವರು ಅಂದಾಜಿನ ಮೇಲೆ ಕಡಿಮೆ ಮಾಡುತ್ತ ಹೋಗುತ್ತಾರೆ. ಕೊನೆಯ ಸಂಚಿಕೆ ಅತಿ ಕಡಿಮೆ ಜನರ ಕೈ ಸೇರುತ್ತದೆ.

ದೂರದ ಬಂಡವಾಳ ನಾಲ್ಕನೆಯದು. 2025ರ ಫೆಬ್ರುವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರು, ಮುಂಬೈಗಳ ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಸ್ಟುಡಿಯೊಗಳಲ್ಲಿದ್ದ ಸಾವಿರಾರು ಕಲಾವಿದರ ಕೆಲಸ ದಿನ ಬೆಳಗಾಗುವುದರಲ್ಲಿ ಹೋಯಿತು. 2008ರಲ್ಲಿ ಕಾಮಿಕ್ಸ್‌ಗೆ ಆದದ್ದೂ ಇದೇ, ಪ್ರಮಾಣ ಚಿಕ್ಕದು ಅಷ್ಟೇ. ನಿರ್ಧಾರ ಆಗುವ ಊರು ಒಂದು, ಪೆನ್ಸಿಲ್ ಹಿಡಿದ ಕೈ ಇನ್ನೊಂದು ಊರಿನಲ್ಲಿ.

ಬೇರೆ ಕಡೆ ಏನಾಯಿತು

ಅಲನ್ ಮೂರ್, ಡೇವಿಡ್ ಲಾಯ್ಡ್ ಅವರ ‘ವಿ ಫಾರ್ ವೆಂಡೆಟಾ’ 1982ರಲ್ಲಿ ‘ವಾರಿಯರ್’ ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಕಪ್ಪುಬಿಳುಪಿನಲ್ಲಿ ಶುರುವಾಯಿತು. 1985ರಲ್ಲಿ ಪತ್ರಿಕೆ ನಿಂತಿತು, ಕಥೆಯೂ ನಿಂತಿತು. ಡಿಸಿ ಸಂಸ್ಥೆ ಅದನ್ನು ಕೈಗೆತ್ತಿಕೊಂಡು 1988-89ರಲ್ಲಿ ಬಣ್ಣ ಹಚ್ಚಿ ಹತ್ತು ಸಂಚಿಕೆಗಳಲ್ಲಿ ಮುಗಿಸಿತು. ನಾವು ಇಂದು ಓದುವ ಕೊನೆ ಹಾಗೆ ಸಿಕ್ಕಿದ್ದು.

ಇದಕ್ಕಿಂತ ದೀರ್ಘ ಕಾಯುವಿಕೆ ‘ಮಿರಾಕಲ್‌ಮ್ಯಾನ್’ ಓದುಗರದು. ನೀಲ್ ಗೇಮನ್, ಮಾರ್ಕ್ ಬಕಿಂಗ್‌ಹ್ಯಾಮ್ ಅವರ ‘ಸಿಲ್ವರ್ ಏಜ್’ ಭಾಗ 1993ರಲ್ಲಿ ನಡುವೆಯೇ ನಿಂತಿತು. ಪ್ರಕಾಶಕರು ದಿವಾಳಿಯಾದರು, ಹಕ್ಕಿನ ತಕರಾರು ವರ್ಷಗಟ್ಟಲೆ ನಡೆಯಿತು. ಕಥೆ ಮುಂದುವರಿದದ್ದು 2022ರಲ್ಲಿ, ಮಾರ್ವೆಲ್ ಮೂಲಕ. ಅದೇ 1993ರ ಆರು ಸಂಚಿಕೆಗಳ ‘1963’ ಸರಣಿಗೆ ಆ ಭಾಗ್ಯವೂ ಇಲ್ಲ. ಎಲ್ಲ ಗಂಟುಗಳನ್ನೂ ಬಿಚ್ಚಬೇಕಿದ್ದ ವಿಶೇಷ ಸಂಚಿಕೆ ಇಂದಿಗೂ ಬಂದಿಲ್ಲ.

ಇನ್ನು ‘ವಾಚ್‌ಮೆನ್’. 1986-87ರ ಈ ಹನ್ನೆರಡು ಸಂಚಿಕೆಗಳು ಮಿನಿ ಸೀರೀಸ್ ರೂಪಕ್ಕೇ ಗೌರವ ತಂದವು. ಅದರ ಕೊನೆಯ ಬಗ್ಗೆಯೂ ಜಗಳ ತಪ್ಪಿಲ್ಲ. ಅದು ‘ದ ಔಟರ್ ಲಿಮಿಟ್ಸ್’ ಟಿವಿ ಸರಣಿಯ 1963ರ ಒಂದು ಕಂತನ್ನು ಹೋಲುತ್ತದೆ ಎಂದು ಸಂಪಾದಕ ಲೆನ್ ವೈನ್ ಆಗಲೇ ಆಕ್ಷೇಪಿಸಿದ್ದರು. 2009ರ ಸಿನಿಮಾ ಆ ಕೊನೆಯಲ್ಲಿ ಬರುವ ದೈತ್ಯಜೀವಿಯನ್ನೇ ಕೈಬಿಟ್ಟಿತು. ಆದರೆ ಈ ಜಗಳ ಸಾಧ್ಯವಾದದ್ದು ಕೊನೆ ಎಂಬುದು ಇದ್ದುದರಿಂದ. ಒಪ್ಪದ ಕೊನೆಯೊಡನೆ ವಾದಿಸಬಹುದು, ಇಲ್ಲದ ಕೊನೆಯೊಡನೆ ಏನು ವಾದಿಸುವುದು?

ಮಂಗಳ ಹಾಡುವ ನಾಡು

ರಾಮಕಥೆಯನ್ನು ಬದಲಿಸಿ ಹೇಳುವುದು ಕನ್ನಡಕ್ಕೆ ಹೊಸದಲ್ಲ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯ ಜತೆ ರಾಮನನ್ನೂ ಅಗ್ನಿಗೆ ಪ್ರವೇಶ ಮಾಡಿಸಿದರು. ಸಾವಿರಾರು ವರ್ಷ ಜನರನ್ನು ಕಾಡಿದ ಒಂದು ಪ್ರಸಂಗಕ್ಕೆ ಕವಿ ತನ್ನ ಕಾಲದ ಉತ್ತರ ಕೊಟ್ಟದ್ದು ಹಾಗೆ. ನಮ್ಮ ಯಕ್ಷಗಾನ ಮೇಳಗಳಲ್ಲಿ ರಾತ್ರಿಯಿಡೀ ಕಥೆ ಯಾವ ದಿಕ್ಕಿಗೆ ಹೊರಳಿದರೂ ಬೆಳಗಿನ ಜಾವ ಮಂಗಳ ಹಾಡದೆ ಭಾಗವತರು ಏಳುವುದಿಲ್ಲ.

ಹಾಗಾಗಿ 3392ನೇ ಇಸವಿಯ ರಾಮನನ್ನು ಕಂಡು ನಮ್ಮ ಓದುಗರು ಬೆಚ್ಚಬೇಕಾದ ಕಾರಣವೇ ಇರಲಿಲ್ಲ. ಕೋಟೆ ಬಿಟ್ಟುಕೊಟ್ಟ ರಾಮ, ನಾಗಚಂದ್ರ ಮತ್ತು ಕುವೆಂಪು ಕೇಳಿದ ಪ್ರಶ್ನೆಗಳ ಸಾಲಿನಲ್ಲೇ ನಿಲ್ಲಬಲ್ಲ ಕಲ್ಪನೆ. ಆ ಹಿರಿಯರಿಬ್ಬರೂ ಪ್ರಶ್ನೆ ಎತ್ತಿ ಉತ್ತರದವರೆಗೆ ನಡೆದರು. ಕಾಮಿಕ್ಸ್‌ಗೆ ಆ ಅವಕಾಶ ಸಿಗಲಿಲ್ಲ.

ಈಗ ಆಗಬಹುದಾದದ್ದು

ಲಿಕ್ವಿಡ್ ಕಾಮಿಕ್ಸ್‌ನ ಅದೇ ಮಂದಿ ಮುಂದೆ ಬೆಂಗಳೂರಿನಲ್ಲಿ ಗ್ರಾಫಿಕ್ ಇಂಡಿಯಾ ಕಟ್ಟಿದರು. 2021ರಲ್ಲಿ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಬಂದ ‘ದ ಲೆಜೆಂಡ್ ಆಫ್ ಹನುಮಾನ್’ ಅನಿಮೇಷನ್ ಅವರದೇ. ರಾಮಕಥೆ ಅವರ ಕೈಬಿಟ್ಟಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಉದಾಹರಣೆಯನ್ನೂ ಅವರೇ ಹಾಕಿಕೊಟ್ಟಿದ್ದಾರೆ. ಗ್ರಾಂಟ್ ಮಾರಿಸನ್ ಕುರುಕ್ಷೇತ್ರ ಯುದ್ಧವನ್ನು ‘18 ಡೇಸ್’ ಎಂಬ ಹೆಸರಿನಲ್ಲಿ ಅನಿಮೇಷನ್‌ಗಾಗಿ ಬರೆದಿದ್ದರು. ಅದು ಆಗ ತೆರೆಗೆ ಬರಲಿಲ್ಲ. 2010ರಲ್ಲಿ ಆ ಬರಹವನ್ನೂ ಮುಕೇಶ್ ಸಿಂಗ್ ಅವರ ಚಿತ್ರಗಳನ್ನೂ ಸೇರಿಸಿ ಪುಸ್ತಕ ಮಾಡಿದರು. ಕಥೆ ಎತ್ತ ಸಾಗಲಿತ್ತು ಎಂಬುದು ಓದುಗರಿಗೆ ತಿಳಿಯಿತು. 2015ರಿಂದ ಅದು ಕಾಮಿಕ್ಸ್ ಸಂಚಿಕೆಗಳಾಗಿಯೂ ಬಂತು.

‘ರಾಮಾಯಣ್ 3392 ಎ.ಡಿ.’ಗೂ ಇಷ್ಟು ಮಾಡಬಹುದು. ಹೊಸ ಸಂಚಿಕೆಗಳನ್ನು ಬರೆಸುವಷ್ಟು ಬಂಡವಾಳ ಬೇಡ. ಉಳಿದ ಕಥೆಯ ಸಾರಾಂಶ, ಕರಡು ಚಿತ್ರಗಳು, ಬರೆದಿಟ್ಟ ಸಂಭಾಷಣೆ ಇದ್ದರೆ ಅದು, ಇಷ್ಟನ್ನು ಒಂದು ಪುಸ್ತಕವಾಗಿ ತಂದರೆ ಸಾಕು. ಅದು ಕನ್ನಡದಲ್ಲೂ ಬಂದರೆ, ಅಮರ ಚಿತ್ರ ಕಥೆ ಮೊದಲು ಕನ್ನಡದಲ್ಲಿ ಬಂದ ಊರಿಗೆ ತಕ್ಕ ಕೆಲಸವಾದೀತು.

ಬೆಂಗಳೂರು ಕಾಮಿಕ್ ಕಾನ್ ಹಲವು ವರ್ಷಗಳಿಂದ ವೈಟ್‌ಫೀಲ್ಡ್‌ನ ಕೆಟಿಪಿಒ ಸಭಾಂಗಣದಲ್ಲಿ ನಡೆಯುತ್ತಿದೆ. 2023ರಲ್ಲಿ ಮೆಟ್ರೊ ನೇರಳೆ ಮಾರ್ಗ ವೈಟ್‌ಫೀಲ್ಡ್ ಮುಟ್ಟಿದ ಮೇಲೆ ಊರಿನ ಇನ್ನೊಂದು ತುದಿಯಿಂದಲೂ ಅಲ್ಲಿಗೆ ಹೋಗುವುದು ಸುಲಭ. ಪ್ರಕಾಶಕರು, ಚಿತ್ರಕಾರರು ಅಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಾರೆ, ಓದುಗರ ಜತೆ ನೇರ ಮಾತಾಡುತ್ತಾರೆ. ಈ ಸಲ ಹೋಗುವವರು ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ತರುಣರ ಮೊದಲ ಭಾಗವನ್ನಷ್ಟೇ ಕೊಂಡು ಸುಮ್ಮನಾಗಬೇಡಿ, ಕೊನೆಯ ಭಾಗವನ್ನೂ ಕೊಳ್ಳಿ. ದೊಡ್ಡ ಸಂಸ್ಥೆಗಳ ಮಳಿಗೆ ಕಂಡರೆ ಉಳಿದ ರಾಮಾಯಣ ಎಲ್ಲಿ ಎಂದು ದಯವಿಟ್ಟು ಕೇಳಿ.